ಮುಂದಿನ ಸೀಟು

ಪೆಟ್ರೋಲಿಗೆ ಹಾಹಾಕಾರವಿದ್ದ ಕಾಲದ ಪುಟ್ಟ ಅಮೆರಿಕನ್ ಕಾರನ್ನು ಸರೋಜಿನಿಯ ಗಂಡ ಹೊಸದರಂತೆ ಜೋಪಾನ ಮಾಡಿದ್ದ. ಅದಕ್ಕೆ ಎರಡೇ ಬಾಗಿಲು. ಮುಂದೆ ಅತ್ತೆ ಕೂರುತ್ತಿದ್ದರು. ಮದುವೆಯಾದಂದಿನಿಂದ ಅವಳು ಸೀಟು ಮಡಚಿ, ಮೈ ಮುದುಡಿ ಹಿಂದೆ ತೂರಿಕೊಳ್ಳುತ್ತಿದ್ದಳು.

ಅತ್ತೆ ತೀರಿಕೊಂಡ ಮೇಲೆ ಮೊದಲ ಸಲ ಹೊರಟಾಗ ಮುಂದಿನ ಸೀಟಿನಲ್ಲಿ ಅವರ ಫೋಟೊ ಕೂತಿತ್ತು.

"ಇದನ್ನ ಹಿಂದೆ ಇಡ್ರಿ," ಎಂದಳು.

"ಅದು ಅಮ್ಮನ ಜಾಗ. ನೀನು ಹಿಂದೆ ಹತ್ತು."

ಅವಳು ಹಲ್ಲು ಕಚ್ಚಿಕೊಂಡು ಹತ್ತಿದಳು.

ಮಾರ್ಕೆಟ್ಟಿನ ಬಳಿ ಅವನು ಕೀಲಿಯನ್ನು ಕಾರಲ್ಲೇ ಬಿಟ್ಟು ಫೋಟೊಗೆ ಹಾರ ತರಲು ಇಳಿದ. ಹಿಂದಿರುಗಿದಾಗ ಅವಳು ಸ್ಟಿಯರಿಂಗ್ ಹಿಡಿದು ಕೂತಿದ್ದಳು, ಎಂಜಿನ್ ಗುರುಗುಡುತ್ತಿತ್ತು.

"ಇಳಿ ಕೆಳಗೆ. ನಿನಗೆಲ್ಲಿ ಓಡಿಸೋಕೆ ಬರುತ್ತೆ?"

"ತವರಲ್ಲೇ ಕಲ್ತಿದ್ದೆ. ನೀವು ಯಾವತ್ತೂ ಕೇಳಲಿಲ್ಲ."

ಗೇರು ಹಾಕಿ, ಫೋಟೊವನ್ನು ಕಿಟಕಿಯಿಂದ ಅವನ ಕೈಗಿಟ್ಟಳು. "ನಿಮ್ಮಮ್ಮನ್ನ ಆಟೋದಲ್ಲಿ ಕರ್ಕೊಂಡು ಬನ್ನಿ."