ಬಾಯಿಂದ ಕೇಳಿದ ಗ್ರೀಕ್

"ನಾಳೆ ಇವನನ್ನ ಹುಚ್ಚಾಸ್ಪತ್ರೆಗೆ ಸಾಗಿಸ್ತಾರಂತೆ ಪ್ರೊಫೆಸರ್. ಅದಕ್ಕೆ ಮುಂಚೆ ನೀವೊಂದ್ಸಲ ಮಾತಾಡಿಸಿ ನೋಡಿ ಅಂತ ಕರೆಸ್ದೆ," ಎಂದ ಬಂದರಿನ ಅಧಿಕಾರಿ ಕ್ಯಾಪ್ಟನ್ ಗಿಲ್‌ಕ್ರೈಸ್ಟ್.

ನ್ಯೂಜಿಲೆಂಡಿನ ದಕ್ಷಿಣ ತೀರದ ಆ ಪುಟ್ಟ ಆಸ್ಪತ್ರೆಯ ಮಂಚದ ಮೇಲೆ, ಒಡೆದ ಹಡಗಿನಿಂದ ತೇಲಿಬಂದ ನಾವಿಕನೊಬ್ಬ ಮುದುಡಿ ಕೂತಿದ್ದ. ಹೆಸರು ಸ್ತಮಾತಿ, ಊರು ಗ್ರೀಸಿನ ಯಾವುದೋ ದ್ವೀಪ. ಅದಕ್ಕಿಂತ ಹೆಚ್ಚೇನೂ ಯಾರಿಗೂ ತಿಳಿದಿರಲಿಲ್ಲ.

"ಮೂರು ದಿನದಿಂದ ಒಂದೇ ಹಾಡು. ಸೀ, ಸೀ ಅಂತಾನೆ. ನಮ್ಮ ಇಂಗ್ಲಿಷಲ್ಲಿ ಅವನಿಗೆ ಬರೋದು 'ಸಮುದ್ರ' ಅನ್ನೋ ಒಂದೇ ಮಾತು ಅಂತ ಕಾಣತ್ತೆ. ಹೆದರಿದ್ದಾನೆ ಅನ್ನೋಣ ಅಂದ್ರೆ, ಬಾಗಿಲು ತೆಗೆದ ತಕ್ಷಣ ಸಮುದ್ರದ ಕಡೆಗೇ ಓಡ್ತಾನೆ! ಹುಚ್ಚಲ್ದೆ ಇನ್ನೇನು?"

ಪ್ರೊಫೆಸರ್ ಥರ್ಲ್‌ಬಿ ಟೋಪಿ ತೆಗೆದು ಸ್ಟೂಲಿನ ಮೇಲೆ ಕೂತರು. ಇಂಗ್ಲೆಂಡಿನಲ್ಲಿ ಹದಿನೆಂಟು ವರ್ಷ, ಇಲ್ಲಿನ ಕಾಲೇಜಿನಲ್ಲಿ ಹನ್ನೆರಡು ವರ್ಷ ಅವರು ಹಳೆಯ ಗ್ರಂಥಗಳ ಗ್ರೀಕ್ ಕಲಿಸಿದ್ದರು. ಆದರೆ ಒಬ್ಬನೇ ಒಬ್ಬ ಗ್ರೀಕನನ್ನು ಕಂಡವರಲ್ಲ. ಅವರ ಗುರುವೂ ಕಂಡಿರಲಿಲ್ಲ, ಆ ಗುರುವಿನ ಗುರುವೂ ಕಂಡಿರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ಶಾಯಿಯಲ್ಲಿ ಒಣಗಿಹೋದ ಭಾಷೆ ಅದು ಎಂದೇ ಎಲ್ಲರೂ ನಂಬಿದ್ದರು. ಗಂಟಲು ಸರಿಪಡಿಸಿಕೊಂಡು, ಪುಸ್ತಕದಿಂದ ಎದ್ದುಬಂದಂಥ ಒಂದು ಸೊಗಸಾದ ವಾಕ್ಯ ಹೇಳಿದರು.

ಸ್ತಮಾತಿ ಪಿಳಿಪಿಳಿ ನೋಡಿದ.

ಗಿಲ್‌ಕ್ರೈಸ್ಟ್ ಗೊಳ್ಳನೆ ನಕ್ಕ. "ಅವನ ಭಾಷೆ ಅವನಿಗೇ ಮರೆತುಹೋಗಿದ್ಯೋ, ಇಲ್ಲಾ ನಿಮಗೋ ಸ್ವಾಮಿ?"

ಪ್ರೊಫೆಸರರ ಕಿವಿ ಕೆಂಪಾಯಿತು. ಏಳಲು ಹೊರಟಾಗ ಸ್ತಮಾತಿ ಅವರ ಕೈ ಹಿಡಿದೆಳೆದು, ಕಣ್ಣಲ್ಲಿ ಕಣ್ಣಿಟ್ಟು ನಿಧಾನವಾಗಿ ಅಂದ: "ಅದೆಲ್ಫೋಸ್... ಝೀ. ಝೀ!"

ಥರ್ಲ್‌ಬಿ ಮತ್ತೆ ಸ್ಟೂಲಿನ ಮೇಲೆ ಕೂತರು. ಮೊದಲನೆಯ ಪದ ಅವರು ಉಚ್ಚರಿಸುವ ರೀತಿಗಿಂತ ಒಂದಿಷ್ಟು ಬೇರೆ. ಎರಡನೆಯದು ಚೂರೂ ಬದಲಾಗಿರಲಿಲ್ಲ. ಅಕ್ಷರ ಬಾರದ ಈ ನಾವಿಕನ ತುಟಿಯಿಂದ ಅದು ಈಗಷ್ಟೇ ಹುಟ್ಟಿದಂತೆ ಬೆಚ್ಚಗೆ ಹೊರಬಂದಿತ್ತು.

"ಕ್ಯಾಪ್ಟನ್," ಅವರು ಥಟ್ಟನೆ ತಿರುಗಿದರು, "ಅವನು ಸಮುದ್ರ ಅಂತಿಲ್ಲ. ಸೀ ಅಲ್ಲ, ಝೀ. ಇಂಗ್ಲಿಷೇ ಅಲ್ಲ ಅದು. ಬದುಕಿದ್ದಾನೆ ಅಂತಿದ್ದಾನೆ. ತಮ್ಮನೋ ಅಣ್ಣನೋ, ಒಡಹುಟ್ಟಿದವನು ಬದುಕಿದ್ದಾನೆ!"

ಗಿಲ್‌ಕ್ರೈಸ್ಟನ ನಗು ಅಲ್ಲೇ ನಿಂತಿತು. "ಎಲ್ಲಿ? ಎಲ್ಲಿದ್ದಾನೆ ಕೇಳಿ!"

ಪ್ರೊಫೆಸರ್ ತಮಗೆ ಬಂದ ಪದಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟರು. ದ್ವೀಪ? ದಡ? ಬಂಡೆ? ಕೊನೆಯದಕ್ಕೆ ಸ್ತಮಾತಿ ಮಂಚದಿಂದ ಜಿಗಿದೇಬಿಟ್ಟ. "ಪೆತ್ರೆಸ್!" ಎಂದು ಮೂರು ಬೆರಳು ಎತ್ತಿ ತೋರಿಸಿದ. ಆಮೇಲೆ ನಡುಬೆರಳನ್ನು ಅರ್ಧ ಮಡಿಚಿದ.

"ಮೂರು ಬಂಡೆ, ನಡುವಿನದು ಗಿಡ್ಡ," ಎನ್ನುತ್ತಲೇ ಗಿಲ್‌ಕ್ರೈಸ್ಟ್ ಬಾಗಿಲಾಚೆ ಓಡಿದ. "ಗೊತ್ತಾಯ್ತು! ಏ, ದೋಣಿ ಇಳಿಸ್ರೋ!"

ಮರುದಿನ ಮಧ್ಯಾಹ್ನ ದೋಣಿ ಮರಳಿತು. ಊರಿಗೆ ಊರೇ ಬಂದರಿನ ಕಟ್ಟೆಯ ಮೇಲೆ ಸೇರಿತ್ತು. ಹಕ್ಕಿಮೊಟ್ಟೆ ತಿಂದು ನಾಲ್ಕು ದಿನ ಬಂಡೆಗೆ ಅಂಟಿಕೊಂಡು ಕೂತಿದ್ದ ಹುಡುಗಪ್ರಾಯದ ತಮ್ಮನನ್ನು ಇಬ್ಬರು ಹೊತ್ತು ತಂದು ಹಲಗೆಯ ಮೇಲೆ ಮಲಗಿಸಿದರು. ಸ್ತಮಾತಿ ಅವನ ತಲೆಯನ್ನು ತೊಡೆಗೆಳೆದುಕೊಂಡು ಹೋ ಎಂದು ಅತ್ತ. ತಮ್ಮ ಕಣ್ಣು ತೆರೆದು ಏನೋ ಉಸುರಿದ. "ನೆರೋ."

"ಏನಂತಾನೆ ಪ್ರೊಫೆಸರ್?" ಗಿಲ್‌ಕ್ರೈಸ್ಟ್ ಟೋಪಿ ಕೈಯಲ್ಲಿ ಹಿಡಿದು ಕೇಳಿದ.

ಇಡೀ ಊರು ಅವರ ಮುಖವನ್ನೇ ನೋಡುತ್ತಿತ್ತು. ಓದಿದ ಯಾವ ಪುಸ್ತಕದಲ್ಲೂ ಆ ಪದ ಇರಲಿಲ್ಲ.

"ಗೊತ್ತಿಲ್ಲ ಕಣಯ್ಯಾ," ಎಂದರು ಥರ್ಲ್‌ಬಿ.

ಹುಡುಗನ ತುಟಿ ಉಪ್ಪಿನಿಂದ ಬಿರಿದಿತ್ತು. ಅದನ್ನು ಕಂಡು ಅವರೇ ಮಂಡಿಯೂರಿ ನೀರಿನ ಲೋಟ ಹಿಡಿದರು. ಅವನು ಗಟಗಟ ಕುಡಿದ, ಲೋಟದಲ್ಲಿ ಉಳಿದ ನೀರನ್ನು ಬೆರಳಿಂದ ಮುಟ್ಟಿ, ಪಾಠ ಹೇಳಿಕೊಡುವವನಂತೆ ಮತ್ತೊಮ್ಮೆ ಅಂದ, "ನೆರೋ."

ಗ್ರೀಕ್ ಪ್ರೊಫೆಸರರು ಅವನ ಹಿಂದೆಯೇ ಆ ಪದ ಹೇಳಲು ತುಟಿ ಅಲುಗಿಸಿದರು. ಮೊದಲ ಸಲ ನಾಲಿಗೆ ತೊದಲಿತು.