ಅಗಿದ ಮುದ್ದೆ

ಆದಿನಾರಾಯಣಪ್ಪ ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿದಾಗ ಹೆಂಡತಿ ಮುನಿವೆಂಕಟಮ್ಮನ ಕೈಯ ಸೌಟು ಹಾಗೇ ನಿಂತಿತು. ಕ್ಯಾನ್ಸರ್ ಗಡ್ಡೆ ಮುಚ್ಚಿದ್ದ ಅವನ ಅನ್ನನಾಳದಲ್ಲಿ ಡಾಕ್ಟರು ಕೊಳವೆ ಕೂರಿಸಿ ಎರಡು ವಾರವಾಗಿತ್ತು. ಕಾಯಿಲೆ ಹೋಗುವುದಿಲ್ಲ, ಊಟ ಇಳಿಯುತ್ತದೆ. ಆದರೆ ಏನೇ ಆದರೂ ನುಣ್ಣಗೆ ಅಗಿದೇ ನುಂಗಬೇಕು, ಇಲ್ಲದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ ಎಂದಿದ್ದರು.

ಮುದ್ದೆಯನ್ನು ನುಂಗದೆ ಅಗಿಯುವವರನ್ನು ದೊಡ್ಡಬೆಳವಂಗಲಕ್ಕೆಲ್ಲ ಕೇಳುವಂತೆ ಆಡಿಕೊಂಡ ಮನುಷ್ಯ ಅವನು. ಅಳಿಯ ದೇವೇಂದ್ರ ಮೊದಲ ಸಲ ಊಟಕ್ಕೆ ಕೂತಾಗ, "ಏನಪ್ಪಾ, ಹಸ ಮೆಲುಕು ಹಾಕ್ದಂಗೆ ಅಗೀತೀಯಲ್ಲ!" ಎಂದು ಅವನನ್ನೂ ಆಡಿಕೊಂಡು ನಕ್ಕಿದ್ದ. ಅದೇ ಅಳಿಯ ಈಗ ಎದುರಿಗೇ ಕೂತಿದ್ದ. ಗಂಡ ಛಲಕ್ಕೆ ಬಿದ್ದು ನುಂಗಿಬಿಟ್ಟರೆ?

ಆದಿನಾರಾಯಣಪ್ಪ ತುತ್ತನ್ನು ಮತ್ತೆ ಮುರಿದು, ಕಡಲೆಕಾಳಿನಷ್ಟು ಮಾಡಿ ಬಾಯಿಗಿಟ್ಟ. ಎಲ್ಲರಿಗೂ ಕಾಣುವಂತೆ ದವಡೆ ಆಡಿಸಿ ಆಡಿಸಿ ಅಗಿದ. ಮೇಲೊಂದು ಗುಟುಕು ಬಿಸಿನೀರು ಕುಡಿದ. ಇಳಿಯಿತು.

"ಏನ್ ಮಾವ, ಮೆಲುಕಾ?" ಎನ್ನುತ್ತಾ ದೇವೇಂದ್ರ ಬಿಸಿನೀರಿನ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದ.

"ಹೂಂ ಕಣಪ್ಪಾ. ನಿನಗಿಂತ ಚೆನ್ನಾಗಿ ಅಗೀತೀನಿ, ನೋಡ್ಕೊ." ಅವನು ತಟ್ಟೆಯನ್ನು ಹೆಂಡತಿಯ ಕಡೆ ತಳ್ಳಿದ. "ಲೇ, ಇನ್ನೊಸಿ ಸಾರು ಬಿಡೇ."

ಮುನಿವೆಂಕಟಮ್ಮ ಅಳಿಯನತ್ತ ಒಮ್ಮೆ ತಲೆಯೆತ್ತಿ ನೋಡಿ, ಸೌಟು ತುಂಬ ಬಿಟ್ಟಳು.