ಕೋಟಿಗೆ ಮೆತ್ತಿದ ಸಾರಾಯಿ

ಪವಿತ್ರಾತ್ಮನ ಬೆಳ್ಳಿ ಕಿರೀಟ ಹೊರಬೇಕಾದ ದಿನವೇ ಅಮಾರೊ ಕುಡಿದು ಬಂದಿದ್ದ. ಇಗರ್ಜಿಯ ಗೋಡೆಗೆ ಒರಗಿ ನಿಂತಿದ್ದ ಅವನ ಕೋಟಿನಿಂದ ಸಾರಾಯಿಯ ನಾತ ಮಾರು ದೂರಕ್ಕೆ ಹೊಡೆಯುತ್ತಿತ್ತು. ಹಬ್ಬದ ಮೆರವಣಿಗೆಯಲ್ಲಿ ಕಿರೀಟ ಹೊರುವವರನ್ನು ಆರಿಸುವ ಈ ವರ್ಷದ ಚೀಟಿ ಅವನ ಹೆಸರಿಗೆ ಬಂದಿತ್ತು. ಇಡೀ ಫ್ಲೋರೆಸ್ ದ್ವೀಪದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಪಾದ್ರಿಗಳು ಅವನನ್ನು ಮೇಲಿಂದ ಕೆಳಗೆ ನೋಡಿ, ಕಿರೀಟವನ್ನು ಮಗಳು ಒಡೀಲಿಯಾಳ ಕೈಗಿತ್ತರು.

ನೆಲ ಬಾಯ್ಬಿಡಬಾರದೇ ಅನ್ನಿಸಿತು ಅವಳಿಗೆ. ಇನ್ನು ಮೂರೇ ವಾರಕ್ಕೆ ಮದುವೆ. ಅತ್ತೆಯಾಗುವವಳು ಎದುರಿಗೇ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಒಡೀಲಿಯಾ ತಲೆ ತಗ್ಗಿಸಿ ಮೆರವಣಿಗೆಯ ಮುಂದೆ ನಡೆದಳು. ಮೆಟ್ಟಿಲಿಳಿಯುವಾಗ ಕಾಲು ತಪ್ಪಿತು. ಕಿರೀಟ ಬೀಳಲಿಲ್ಲ, ಸದ್ಯ. ಹೊಸ ಬೂಟು ಹಾಗೇ, ಜಾರುತ್ತೆ ಎಂದು ಪಕ್ಕದವಳು ಮೊಣಕೈ ಹಿಡಿದುಕೊಂಡಳು. ಒಡೀಲಿಯಾ ಹೂಂ ಎಂದಳು.

ಮೆರವಣಿಗೆ ಮುಗಿದದ್ದೇ ತಡ, ದಡದಡನೆ ಮನೆಗೆ ಬಂದಳು. ಅಪ್ಪ ಚೀಸ್ ಮಾಡುವ ಕೋಣೆಯಲ್ಲಿ ಮುಕ್ಕಾಲಿಯ ಮೇಲೆ ಕೂತಿದ್ದ.

"ಕುಡಿಯೋದಕ್ಕೆ ಬೇರೆ ದಿನ ಸಿಗ್ಲಿಲ್ವಾ ನಿಂಗೆ? ಇವತ್ತೇ ನನ್ನ ಮಾನ ಕಳೀಬೇಕಿತ್ತಾ?"

ಕೋಟು ಎಳೆದು ಬಿಚ್ಚಲು ಬಗ್ಗಿದಳು. ಅವನ ಉಸಿರು ಮುಖಕ್ಕೆ ತಾಗಿತು. ಬರೀ ಕಾಫಿಯ ವಾಸನೆ. ಮುಕ್ಕಾಲಿಯ ಪಕ್ಕದಲ್ಲಿದ್ದ ಸಾರಾಯಿ ಬಾಟಲಿಯಲ್ಲಿ ಎರಡು ಬೆರಳಿನಷ್ಟೇ ಖಾಲಿಯಾಗಿತ್ತು.

"ನೀನು ಕುಡ್ದಿಲ್ಲ," ಎಂದಳು.

ಅಮಾರೊ ತಡವರಿಸಿಕೊಂಡು ಹೇಳಿದ. ಪಟ್ಟಣದ ಆಸ್ಪತ್ರೆಗೆ ಹೋಗಿ ಬಂದು ಎರಡು ತಿಂಗಳಾಗಿತ್ತು. ಹುಟ್ಟಿನಿಂದಲೇ ಬಂದ ದೋಷವಂತೆ. ಜೀವಕೋಶದೊಳಗೆ ಒಂದು ಪ್ರೋಟೀನು ಸೊಟ್ಟಗಾಗಿ ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತದಂತೆ. ಬೆಳಿಗ್ಗೆ ಹೆಪ್ಪು ಹಾಕಿದ್ದ ಹಾಲು ಹಂಡೆಯಲ್ಲಿ ಗಂಟುಗಂಟಾಗಿ ಕೂತಿತ್ತು, ಅದನ್ನೇ ತೋರಿಸಿದ. ಅದು ಮತ್ತೆ ಹಾಲಾಗುವುದಿಲ್ಲ. ಮೊದಲು ನಡಿಗೆ ಹೋಗುತ್ತದೆ. ತನ್ನಪ್ಪ ದೋಣಿಯಿಂದ ಜಾರಿ ಸತ್ತದ್ದು ಯಾಕೆಂದು ಅವನಿಗೆ ಈಗ ತಿಳಿದಿತ್ತು. ಆ ಓಲಾಟ ದ್ವೀಪದ ಪ್ರತಿಯೊಬ್ಬರಿಗೂ ಗೊತ್ತು. ಕಿರೀಟ ಹೊತ್ತು ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು, ಕಾಯಿಲೆ ಎಲ್ಲರಿಗೂ ತಿಳಿದುಬಿಡುತ್ತಿತ್ತು.

"ಕುಡುಕನ ಮಗಳನ್ನ ಯಾರಾದ್ರೂ ಮದ್ವೆ ಆಗ್ತಾರೆ ಮಗಳೇ. ಆ ಕಾಯಿಲೆ ಮನೆ ಹುಡುಗೀನ ಯಾರು ಆಗ್ತಾರೆ?"

"ಮಕ್ಕಳಿಗೂ ಬರುತ್ತಾ?"

"ಅರ್ಧಕ್ಕರ್ಧ ಅಂದ್ರು. ನಿಂಗೆಲ್ಲಿಂದ ಬರುತ್ತೆ, ಸುಮ್ನಿರು."

ಹೊರಗೆ ಹಬ್ಬದೂಟಕ್ಕೆ ಕರೆಯುವ ಗಂಟೆ ಮೊಳಗಿತು. ಅಮಾರೊ ಗೋಡೆ ಹಿಡಿದು ಎದ್ದ, ಬಾಟಲಿಯ ಬಿರಡೆ ತೆಗೆದು ಅಂಗೈಗೆ ಸುರಿದುಕೊಂಡು ಕಾಲರಿಗೆ ಧಾರಾಳವಾಗಿ ಸವರತೊಡಗಿದ.

ಅವಳು ತನ್ನ ಬೂಟುಗಳನ್ನೇ ನೋಡುತ್ತಿದ್ದಳು. ಕೊಂಡು ನಾಲ್ಕು ವರ್ಷವಾಗಿತ್ತು.

"ನಂಗೂ ಸ್ವಲ್ಪ ಉಳ್ಸಿಡಪ್ಪ," ಎಂದಳು.